ಕಾಟಾದ ಮೇಲಿನ ಕಾಲು

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವುದು ನನ್ನ ಕೆಲಸ. ಭತ್ತ ತುಂಬಿದ ಲಾರಿ ಬಂದು ನೆಲಮಟ್ಟದ ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ. ಕಿಟಕಿಯ ಹಿಂದೆ ಕೂತ ನನ್ನೆದುರು ಕೆಂಪು ಅಂಕಿಗಳು ಏರಿ, ಒಂದಷ್ಟು ತುಯ್ದಾಡಿ, ನಿಲ್ಲುತ್ತವೆ. ಇದಕ್ಕೆ ನಾವು ಕಾಟಾ ಅನ್ನುತ್ತೇವೆ. ಕಾಟಾದಲ್ಲಿ ಕೂತವನು ಅಂಕಿ ನೋಡಿದರೆ ಸಾಲದು, ಕಿಟಕಿಯ ಆಚೆಗೂ ನೋಡಬೇಕು. ಡ್ರೈವರ್ ಇಳಿದನೋ ಇಲ್ಲವೋ, ಬೀಡಿ ಹಚ್ಚುವ ನೆಪದಲ್ಲಿ ಯಾರಾದರೂ ಹಲಗೆಯ ಅಂಚಿಗೆ ಒಂದು ಕಾಲು ಊರಿ ನಿಂತಿದ್ದಾರೋ ಎಂದು. ಕಾಟಾಕ್ಕೆ ಕಣ್ಣಿಲ್ಲ. ಭತ್ತದ ಭಾರವೂ ಮನುಷ್ಯನ ಭಾರವೂ ಅದಕ್ಕೆ ಒಂದೇ. "ಕಾಲು ತಗೀಲೇ" ಎಂದು ಕೂಗುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ ಎಂದು ಗಿರಣಿಯ ಹಮಾಲರು ಆಡಿಕೊಳ್ಳುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಬರೆಯುವುದನ್ನು ಓದಿದವರು, ಪಾಪ, ಇವನಿಗೆ ಗೊತ್ತಾಗಲಿಲ್ಲ ಅಂದುಕೊಳ್ಳಬಾರದು.

ನನ್ನ ಇನ್ನೊಂದು ಕೆಲಸ ಚಿಂತೆ ಮಾಡುವುದು. ಇದಕ್ಕೆ ರಜೆ ಇಲ್ಲ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಮನೆಯಿಂದ ಹೊರಟರೆ ಗ್ಯಾಸ್ ಸಿಲಿಂಡರಿನ ಚಿಂತೆ, ಬೆನ್ನಿನ ಮೇಲಿನ ಮಚ್ಚೆ ಹೋದ ವರ್ಷ ಇಷ್ಟೇ ಇತ್ತೋ ಎಂಬ ಚಿಂತೆ. ಆ ಮಚ್ಚೆಯನ್ನು ನೋಡಿ ನೋಡಿ ನನ್ನ ಹೆಂಡತಿಗೆ ಅದು ನನ್ನ ಮುಖಕ್ಕಿಂತ ಚೆನ್ನಾಗಿ ಗುರುತಿದೆ. ಐವತ್ತು ತುಂಬುವುದರೊಳಗೆ ನನಗೆ ಏಳು ಸಲ ಹೃದಯಾಘಾತ ಆಗಿದೆ. ಏಳೂ ಗ್ಯಾಸು. ಇಸಿಜಿ ಕಾಗದಗಳನ್ನೆಲ್ಲ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿ ಪಂಚಾಂಗದ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ.

ಏಳನೆಯದನ್ನು ತೋರಿಸಿಕೊಳ್ಳಲು ಬಳ್ಳಾರಿಗೆ ಹೋಗಿದ್ದ ದಿನವೇ ಅಕ್ಕನಿಗೆ ಲಕ್ವ ಹೊಡೆದದ್ದು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಕುರುಗೋಡಿಗೆ ಕೊಟ್ಟಿದ್ದಳು. ತಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಇದ್ದುಕೊಂಡು ಜೀನ್ಸ್ ಹೊಲಿಯುತ್ತಿದ್ದಳು. ಪೂರ್ತಿ ಪ್ಯಾಂಟಲ್ಲ, ಹಿಂದಿನ ಜೇಬುಗಳು ಮಾತ್ರ. ಬಳ್ಳಾರಿ ಜೀನ್ಸ್ ತೊಟ್ಟು ಬಸ್ಸಿನಲ್ಲಿ ನನ್ನ ಮುಂದೆ ನಿಂತವರನ್ನು ಕಂಡಾಗೆಲ್ಲ ನನಗೆ ಅವರ ಜೇಬಿನ ಹೊಲಿಗೆ ನೋಡುವ ಚಾಳಿ. ಇದರಿಂದ ಒಮ್ಮೆ ಬೈಸಿಕೊಂಡದ್ದೂ ಉಂಟು. ಅಕ್ಕ ಹೊಲಿದ ಜೇಬಾದರೆ ಎರಡು ಗೆರೆ ರೈಲು ಹಳಿಯ ಹಾಗೆ ಒಂದರ ಪಕ್ಕ ಒಂದು ಓಡಿ, ಮೂಲೆಗೆ ಬಂದಾಗ ಒಟ್ಟಿಗೇ ತಿರುಗುತ್ತಿದ್ದವು.

ಆ ದಿನ ಆಸ್ಪತ್ರೆಯಿಂದ ಸೀದಾ ಅವಳಲ್ಲಿಗೆ ಹೋಗಿ, ನನ್ನ ಎದೆ ನೆಟ್ಟಗಿದೆಯಂತೆ ಎಂದು ವರದಿ ಒಪ್ಪಿಸಿದೆ.

"ಮತ್ತ ಬಚಾವ್ ಆದ್ಯಾ?" ಎಂದಳು ಅಕ್ಕ, ಚಹಾ ಸೋಸುತ್ತ. "ಒಂದ್ ಕೆಲಸ ಮಾಡಲೇ ತಮ್ಮ. ಆ ಡಾಕ್ಟರ್‌ಗ ಹೇಳಿ ಅಲ್ಲೇ ಒಂದು ಕುರ್ಚಿ ಹಾಕಿಸ್ಕೊ. ಹೋಗೋದು ಬರೋದು ತಪ್ತತಿ."

ಅಷ್ಟರಲ್ಲಿ ಅವಳ ಎಡಗೈಯಿಂದ ಕಪ್ಪಿನ ಕೆಳಗಿನ ಗಾಜಿನ ಬಸಿ ಜಾರಿ ಬಿದ್ದು ಒಡೆಯಿತು. ಅವಳು ಕೈಯನ್ನು ಒಮ್ಮೆ ನೋಡಿಕೊಂಡಳು. ನಾನು ಕಾಲು ಮೇಲೆತ್ತಿ ಕೂತೆ. ನಾನು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೇನೆ, ಗಾಜು ಚುಚ್ಚಿದರೆ ಗಾಯ ಮಾಯುವುದಿಲ್ಲ ಎಂಬುದಷ್ಟೇ ನನಗೆ ಹೊಳೆದದ್ದು.

ಆಮೇಲೆ ಅವಳು ಮಷೀನಿಗೆ ಕೂತಳು. ಹಾಗೇ ಮಾತಾಡುತ್ತ ನೋಡಿದರೆ ಹೊಲಿಗೆಯ ಗೆರೆ ಜೇಬನ್ನು ಬಿಟ್ಟು ಆಚೆ ಓಡುತ್ತಿತ್ತು. "ಬಟ್ಟಿ ಯಾಕೋ ಹಿಡ್ತಕ್ಕ ಬರವಲ್ದು" ಎಂದಳು. ಎಡಗೈ ಜುಮ್ಮೆನ್ನುತ್ತಿದೆ ಎಂದಳು. ಸೊಳ್ಳೆ ಕಚ್ಚಿದರೂ ರಕ್ತ ಪರೀಕ್ಷೆ ಮಾಡಿಸುವ ನಾನು, ಕೈ ಜುಮ್ಮೆನ್ನುವುದು ಗ್ಯಾಸಿಗೇ, ನನಗೂ ಹಾಗೇ ಆಗುತ್ತದೆ ಎಂದು ಹೇಳಿ ಜೇಬಿನಲ್ಲಿದ್ದ ಗ್ಯಾಸಿನ ಮಾತ್ರೆ ಕೊಟ್ಟೆ. ಓಣಿಯ ತುದಿಗೆ ಹೋಗಿ ಸೋಡಾ ತಂದು ಕುಡಿಸಿದೆ. ಒಂದು ತಾಸು ಅವಳನ್ನು ಮಲಗಿಸಿ ಗಾಳಿ ಹಾಕುತ್ತ ಕೂತೆ. ಬಾಯಿ ಒಂದು ಕಡೆಗೆ ಜಾರಿದಾಗ ಆಟೋ ಕರೆದೆ.

"ಬಸಿ ಬಿದ್ದಾಗ್ಲೇ ಬರಬೇಕಿತ್ತು" ಎಂದರು ದೊಡ್ಡಾಸ್ಪತ್ರೆಯ ಡಾಕ್ಟರು. ಬೈಯಲಿಲ್ಲ. ತಲೆ ಎತ್ತದೆ ಚೀಟಿ ಬರೆಯುತ್ತ ಹೇಳಿದರು.

ಮಾತು ಉಳಿಯಿತು. ಎಡಗಾಲು ಕುಂಟುತ್ತಲಾದರೂ ನಡೆಯಿತು. ಎಡಗೈ ಮಾತ್ರ ಭುಜದಿಂದ ಕೆಳಗೆ ಬೇರೆ ಯಾರದೋ ಎಂಬಂತೆ ಜೋತಿತು. ಚಿವುಟಿದರೂ ಅವಳಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು, ಪುಣ್ಯಕ್ಕ ಎಡಗೈ, ಉಣ್ಣಾಕ ತ್ರಾಸಿಲ್ಲ ಅಂತ. ಅಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು.

"ಉಣ್ಣೋದು ಬಲಗೈಯೇ ಖರೆ. ಆದ್ರ ದುಡಿಯೋದು ಎಡಗೈರಿ. ಬಟ್ಟಿ ತಿರುಗಿಸೋದು ಯಾರಂತ ಜೇಬನ್ನ ಕೇಳ್ರಿ."

ಹತ್ತನೆಯ ದಿನ ಅಕ್ಕನ ಮಗಳು ಕುರುಗೋಡಿನಿಂದ ಕಾರು ಮಾಡಿಕೊಂಡು ಬಂದಳು. ಅವ್ವನನ್ನು ಕರೆದುಕೊಂಡೇ ಹೋಗುವುದೆಂದು. ಗಂಡ, ಅತ್ತೆ ಒಪ್ಪಿದ್ದರು, ಕೋಣೆಯನ್ನೂ ತೆರವು ಮಾಡಿ ಇಟ್ಟಿದ್ದರು. ಕೆಟ್ಟ ಜನವಲ್ಲ. ಆದರೆ ಅಕ್ಕ ಮಗಳನ್ನು ಕೊಟ್ಟ ಮನೆಯಲ್ಲಿ ಒಂದು ದಿನ ಉಂಡವಳಲ್ಲ. ಮೊಮ್ಮಗ ಹುಟ್ಟುವ ತನಕ ಉಣ್ಣಬಾರದು ಎಂದು ನಮ್ಮಲ್ಲಿ ರೂಢಿ. ಮೊಮ್ಮಗ ಹುಟ್ಟಿ ಶಾಲೆಗೆ ಹೋಗತೊಡಗಿದ ಮೇಲೂ ಅವಳು ಕುರುಗೋಡಿಗೆ ಹೋದರೆ ನೀರಿನ ಬಾಟಲಿ ತನ್ನದೇ ಒಯ್ಯುತ್ತಿದ್ದಳು. ಸಂಜೆಯ ಬಸ್ಸಿಗೆ ವಾಪಸ್.

"ಅಲ್ಲಿ ಹೋಗಿ ಕುಂತ್ನೆಂದ್ರ ಎದ್ದು ಬರೋದಿಲ್ಲ" ಎಂದಳು ಅಕ್ಕ. "ಕೈ ಬರ್ತತಿ. ನನಗ ಟೈಮ್ ಕೊಡು."

ಕಡೆಗೆ ಎರಡು ತಿಂಗಳ ಒಪ್ಪಂದವಾಯಿತು. ಎರಡು ತಿಂಗಳಲ್ಲಿ ಕೈ ಬಂದು ಬಟ್ಟೆ ಹಿಡಿದರೆ ಅಕ್ಕ ತನ್ನ ಕೋಣೆಯಲ್ಲಿ, ತನ್ನ ಮಷೀನಿನ ಮುಂದೆ. ಬರದಿದ್ದರೆ ಕೋಣೆ ಬಿಟ್ಟು ಕುರುಗೋಡಿಗೆ. ಅಲ್ಲಿಯ ತನಕ ಅವಳ ಜೊತೆಗೆ ನಾನಿರುವುದು. ಗಿರಣಿಯಲ್ಲಿ ಆಗ ಭತ್ತ ಬರುವ ಕಾಲವಲ್ಲ, ರಜೆ ಸಿಕ್ಕಿತು. ಸೋಡಾ ಕುಡಿಸಿದವನಿಗೆ ಅಷ್ಟಾದರೂ ಮಾಡದೆ ಬೇರೆ ದಾರಿ ಇರಲಿಲ್ಲ.

ಬಳ್ಳಾರಿಯ ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ಆಗಷ್ಟೇ ಹೊಸ ಯಂತ್ರವೊಂದು ಬಂದಿತ್ತು. ಲಕ್ವ ಹೊಡೆದ ಕೈಗೆ ವ್ಯಾಯಾಮ ಮಾಡಿಸುವ ರೋಬೋಟು. ಮೊದಲ ದಿನ ಅಕ್ಕ ಹೊಸ ಸೀರೆ ಉಟ್ಟು ಬಂದಳು. ಒಳಗೆ ನೋಡಿದರೆ ಒಂದು ಮೇಜು, ಮೇಜಿನಿಂದ ಹೊರಟ ಒಂದು ಉಕ್ಕಿನ ತೋಳು, ತೋಳಿನ ತುದಿಗೆ ಹಿಡಿಕೆ, ಮುಂಗೈ ಇಡಲು ದೋಣಿಯಂಥ ತೊಟ್ಟಿ, ಎದುರಿಗೆ ಟಿವಿ.

"ರೋಬೋಟು ಅಂದ್ಯಲ್ಲಲೇ" ಎಂದಳು ಅಕ್ಕ ನನ್ನ ಕಡೆ ತಿರುಗಿ. "ಇದಕ್ಕ ತೆಲಿ ಎಲ್ಲೈತಿ? ಕಬ್ಬಿನ ಹಾಲಿನ ಗಾಣ ಇದ್ದಂಗೈತಿ."

"ತೆಲಿ ನಿಮ್ದ ಅಮ್ಮಾ" ಎಂದಳು ಅಲ್ಲಿಯ ಫಿಸಿಯೋ. ಮೂವತ್ತರೊಳಗಿನ ಹುಡುಗಿ, ಬಿಳಿ ಕೋಟು, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. "ಇದು ಬರೇ ಕೈ. ನೀವು ತೆಲ್ಯಾಗ ಅಂದ್ಕೊಂಡಿದ್ದನ್ನ ಮುಗಸಾಕ ಕೈ ಹಚ್ಚತತಿ, ಅಷ್ಟ."

ಅಕ್ಕನ ಬೆರಳುಗಳನ್ನು ಹಿಡಿಕೆಗೆ ಸುತ್ತಿ, ಮುಂಗೈಯನ್ನು ತೊಟ್ಟಿಯಲ್ಲಿಟ್ಟು, ಚರ್ ಎನ್ನುವ ಅಂಟುಪಟ್ಟಿಗಳಿಂದ ಬಿಗಿದಳು. ಟಿವಿಯಲ್ಲಿ ಒಂದು ಮಾವಿನ ಮರ ಬಂತು. ಕೈಯನ್ನು ಹಣ್ಣಿನ ಕಡೆಗೆ ಒಯ್ದರೆ ಹಣ್ಣು ಅಂಟಿಕೊಳ್ಳುತ್ತದೆ. ಎಳೆದು ತಂದು ಬುಟ್ಟಿಗೆ ಹಾಕಬೇಕು. ಎಲ್ಲಿ ಅಕ್ಕನ ಬಲ ಸಾಲುವುದಿಲ್ಲವೋ ಅಲ್ಲಿಂದ ಯಂತ್ರ ತಳ್ಳಿಕೊಡುತ್ತದೆ. ಎಷ್ಟು ತಳ್ಳಿಕೊಟ್ಟಿತು ಎಂಬುದು ಪರದೆಯ ಮೂಲೆಯಲ್ಲಿ ಅಂಕಿಯಾಗಿ ತೋರುತ್ತದೆ. ಅದರ ಪಕ್ಕ ಫಿಸಿಯೋ ಕನ್ನಡದಲ್ಲಿ 'ಸಹಾಯ' ಎಂದು ಬರೆದ ಚೀಟಿ ಅಂಟಿಸಿದ್ದಳು.

"ಈ ನಂಬರ್ ದಿನಾ ಇಳೀಬೇಕ್ರಿ" ಎಂದು ನನಗೆ ವಿವರಿಸಿದಳು. "ಅಮ್ಮ ಜೋರು ಮಾಡಿದಂಗ ಯಂತ್ರ ತನ್ನ ಸಹಾಯ ತಾನ ಕಮ್ಮಿ ಮಾಡ್ಕೊಂತತಿ. ಕೈ ಆಡಿಸೋದು ದೊಡ್ಡ ಮಾತಲ್ಲ ಸರ್, ಕೈ ಆಡಿಸ್ಬೇಕಂತ ತೆಲಿ ಒದ್ದಾಡಬೇಕು. ಒದ್ದಾಡಿದ್ರ ಕಲೀತತಿ. ಯಾರರ ಆಡಿಸಿಕೊಟ್ರ ಅದು ಸುಮ್ನ ಕುಂತು ನೋಡತತಿ."

ನಾನು ತಲೆಯಾಡಿಸಿದೆ. ಕಾಟಾದವನಿಗೆ ಅಂಕಿಯ ಮಾತು ಬೇಗ ತಿಳಿಯುತ್ತದೆ.

ಮೊದಲ ದಿನದ ಅಂಕಿ ಎಂಬತ್ತೆಂಟು. ಒಂದು ವಾರವಾದರೂ ಅದು ಎಂಬತ್ತೈದರ ಕೆಳಗೆ ಬರಲಿಲ್ಲ. ಅಕ್ಕ ಹಲ್ಲು ಕಚ್ಚಿ ಹಣ್ಣಿನ ಕಡೆ ನೋಡುತ್ತಿದ್ದಳು. ಹಣೆಯ ಬೆವರು ಮೂಗಿನ ತನಕ ಇಳಿಯುತ್ತಿತ್ತು. ಯಂತ್ರ ಅವಳಿಗಾಗಿ ಕಾದು, ಕಾದು, ಕಡೆಗೆ ತಾನೇ ಅವಳ ಕೈಯನ್ನು ಹಣ್ಣಿನ ಹತ್ತಿರ ಒಯ್ಯುತ್ತಿತ್ತು. "ಹೊಲಿಗಿ ಮೇಸ್ತ್ರಿ ಇದ್ದಂಗೈತಿ" ಎನ್ನುತ್ತಿದ್ದಳು. "ನನ್ನಿಂದ ಆಗೋದಿಲ್ಲಂತ ಗೊತ್ತಾದ ಕೂಡ್ಲೇ ಪೀಸ್ ಕಸಗೊಂತತಿ." ನಗಿಸಲು ಹೇಳುತ್ತಿದ್ದ ಮಾತೇ, ಆದರೆ ಆಟೋದಲ್ಲಿ ವಾಪಸ್ ಬರುವಾಗ ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಿಂದ ಸವರುತ್ತ ಕೂತಿರುತ್ತಿದ್ದಳು. ದಿನವೂ ಸಂಜೆ ಕುರುಗೋಡಿನಿಂದ ಫೋನು. "ಇವತ್ತು ಎಷ್ಟಕ್ಕ ಬಂತು ಮಾಮ?"

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಅಕ್ಕನ ಮೊಣಕೈ ತೊಟ್ಟಿಯಿಂದ ಸ್ವಲ್ಪ ಜಾರಿತು. ನಾನು ಎಂದಿನಂತೆ ಅವಳ ಎಡಕ್ಕೆ ಕೂತಿದ್ದೆ. ಫಿಸಿಯೋ ಆಚೆ ಇನ್ನೊಬ್ಬ ರೋಗಿಯನ್ನು ನಡೆಸುತ್ತಿದ್ದಳು. ಜಾರಿದರೆ ಸರಿಮಾಡಿ ಎಂದು ಅವಳೇ ಹೇಳಿದ್ದಳು. ಅಂಗೈ ಕೊಟ್ಟು ಮೊಣಕೈಯನ್ನು ಮೇಲಕ್ಕೆತ್ತಿದೆ. ಎತ್ತುವಾಗ ಚೂರು ಮುಂದಕ್ಕೂ ತಳ್ಳಿದೆನೇನೋ. ಹಣ್ಣು ಅಂಟಿತು. ಎಂಬತ್ತೈದು ಎಪ್ಪತ್ತೊಂಬತ್ತಾಯಿತು.

ಅಕ್ಕ ಅಂಕಿ ನೋಡಿದಳು. ಅವಳ ಬಾಯಿಯ ಬಲಗಡೆಯ ಅರ್ಧ ನಕ್ಕಿತು. ಬಸಿ ಒಡೆದ ದಿನದಿಂದ ನಾನು ಆ ನಗೆ ನೋಡಿರಲಿಲ್ಲ.

ನಾನು ಕೈ ತೆಗೆಯಲಿಲ್ಲ.

ಸೆರಗು ಎಡ ಭುಜದ ಮೇಲಿಂದ ಇಳಿದು ಮೊಣಕೈಯನ್ನು ಮುಚ್ಚುತ್ತದೆ. ನನ್ನ ಕೈ ಅದರ ಕೆಳಗೆ. ಅಕ್ಕನಿಗೆ ಆ ತೋಳಿನಲ್ಲಿ ಸ್ಪರ್ಶವೇ ಸರಿಯಾಗಿ ಇರಲಿಲ್ಲ. ಫಿಸಿಯೋಗೆ ಕಾಣುತ್ತಿರಲಿಲ್ಲ. ಯಂತ್ರಕ್ಕೆ ಬಲ ಯಾರದಾದರೂ ಬಲವೇ. ಅಕ್ಕ ಜೋರಾಗುತ್ತಿದ್ದಾಳೆ ಎಂದುಕೊಂಡು ಅದು ಪ್ರಾಮಾಣಿಕವಾಗಿ ತನ್ನ ಸಹಾಯ ಇಳಿಸಿಕೊಂಡಿತು.

ದಿನದಿನಕ್ಕೆ ಕೈ ಪಳಗಿತು, ನನ್ನದು. ಒಮ್ಮೆಲೇ ತಳ್ಳಿದರೆ ಅಂಕಿ ಕುಣಿಯುತ್ತದೆ, ಅನುಮಾನ ಬರುತ್ತದೆ. ಎರಡು ದಿನ ಇಳಿಸಿ ಒಂದು ದಿನ ಕೊಂಚ ಏರಿಸಿದರೆ ಸಹಜವಾಗಿ ಕಾಣುತ್ತದೆ. ಕಾಟಾದ ಮೇಲೆ ಕಾಲೂರುವವರಲ್ಲಿ ನಾನು ಮೆಚ್ಚದೆ ಮೆಚ್ಚಿಕೊಂಡಿದ್ದ ಕುಶಲಿಗಳು ಮಾಡುತ್ತಿದ್ದದ್ದೂ ಇದನ್ನೇ. ಮೂರನೆಯ ವಾರ ನನ್ನ ಮಣಿಕಟ್ಟು ನೋಯತೊಡಗಿತು. ಸಂಧಿವಾತವೇ ಇರಬೇಕೆಂದು ಚಿಂತೆ ಹತ್ತಿ ಫಿಸಿಯೋಗೆ ತೋರಿಸಿದೆ. ಅವಳು ಒತ್ತಿ ನೋಡಿ, "ಜಾಸ್ತಿ ಭಾರ ಎತ್ತೀರೇನ್ರಿ ಸರ್?" ಎಂದು ಕೇಳಿ ರಬ್ಬರ್ ಚೆಂಡೊಂದನ್ನು ಕೊಟ್ಟಳು. ದಿನಾ ಇಪ್ಪತ್ತು ಸಲ ಹಿಚುಕಲು.

ನನಗೆ ನಾನು ಹೇಳಿಕೊಂಡ ಸಮಾಧಾನಗಳು ಬೇಕಾದಷ್ಟಿವೆ. ಯಂತ್ರ ತಳ್ಳಿದರೇನು, ತಮ್ಮ ತಳ್ಳಿದರೇನು. ಉತ್ಸಾಹ ಬಂದರೆ ಕೈ ತಾನಾಗಿ ಬರುತ್ತದೆ. ನಾಳೆಯಿಂದ ಸ್ವಲ್ಪ ಸ್ವಲ್ಪವೇ ಬಿಡೋಣ. ಆದರೆ ಕಾಟಾದ ಮೇಲೆ ಒಮ್ಮೆ ನಿಂತವನು ಎಲ್ಲರೂ ನೋಡುತ್ತಿರುವಾಗ ಇಳಿಯುವುದು ಹೇಗೆ? ನಾನು ಕೈ ತೆಗೆದ ಕ್ಷಣ ಅಂಕಿ ಹಾರುತ್ತದೆ. ಅಕ್ಕ ಅದನ್ನು ನೋಡುತ್ತಾಳೆ.

ಮನೆಯಲ್ಲಿ ಆ ಕೈ ಒಂದು ಲೋಟವನ್ನೂ ಸರಿಸುತ್ತಿರಲಿಲ್ಲ. "ಅಲ್ಲಿ ಬರ್ತತಿ, ಇಲ್ಲಿ ಬರವಲ್ದು" ಎಂದು ಅಕ್ಕ ಕೋಣೆಯ ಸುತ್ತ ನೋಡುತ್ತಿದ್ದಳು. "ಈ ಮನಿ ದಿಕ್ಕ ಸರಿ ಇಲ್ಲೇನೋ." ಫಿಸಿಯೋ ಕೂಡ ಮೇಜಿನ ಮೇಲೆ ಮರದ ತುಂಡುಗಳನ್ನು ಇಟ್ಟು ಹಿಡಿಯಲು ಹೇಳಿ, ಹಣೆ ಗಂಟಿಕ್ಕಿ, "ಯಂತ್ರದಾಗ ಇಷ್ಟು ಚಲೋ ಐತಿ, ಟೇಬಲ್ ಮ್ಯಾಲ ಯಾಕ ಬರವಲ್ದು?" ಎಂದಳು. ಒಬ್ಬೊಬ್ಬರಿಗೆ ಹಾಗಾಗುವುದುಂಟು, ಇನ್ನೊಂದು ವಾರ ನೋಡೋಣ ಎಂದಳು. ಭುಜದ ಬಲ ಬಂದಿದೆ ಎಂದು ಲೆಕ್ಕ ಹಾಕಿ ಅದರ ವ್ಯಾಯಾಮ ಬಿಡಿಸಿ ಬೆರಳುಗಳ ವ್ಯಾಯಾಮಕ್ಕೆ ಹಾಕಿದಳು. ನಾನು ಪಕ್ಕದಲ್ಲೇ ಚೆಂಡು ಹಿಚುಕುತ್ತ ಕೂತಿದ್ದೆ.

ಆರನೆಯ ವಾರದ ಕೊನೆಗೆ 'ಸಹಾಯ' ಮೂವತ್ತೆರಡಕ್ಕೆ ಬಂತು. ಅಕ್ಕ ಓಣಿಯಲ್ಲಿ ತಲೆ ಎತ್ತಿ ನಡೆದಳು. ಮುಂದಿನ ತಿಂಗಳಿಂದ ಹೊಲಿಯಲು ಪೀಸು ಕಳಿಸಿರೆಂದು, ತನಗೆ ಕೆಲಸ ಕೊಡುತ್ತಿದ್ದ ಜೀನ್ಸ್ ಸಾಹೇಬರಿಗೆ ಹೇಳಿ ಕಳಿಸಿದಳು. ಕೋಣೆ ಬಿಡುವುದಿಲ್ಲವೆಂದು ಮನೆ ಮಾಲೀಕರಿಗೆ ಹೇಳಿದಳು. ಮಗಳಿಗೆ ಫೋನಿನಲ್ಲಿ, "ಆ ಕೋಣ್ಯಾಗ ಜ್ವಾಳದ ಚೀಲ ಇಟ್ಕೋರಿ, ನಾ ಬರೋದಿಲ್ಲ" ಎಂದಳು. ಮಷೀನಿನ ಮೇಲೆ ಹೊದಿಸಿದ್ದ ಹಳೆಯ ಸೀರೆ ತೆಗೆದು, ಒಂದೇ ಕೈಯಲ್ಲಿ ಎಣ್ಣೆ ಬಿಟ್ಟು ಒರೆಸಿದಳು.

ಅದೇ ಹೊತ್ತಿಗೆ ಕಾಲುವೆ ಕೆಳಗಿನ ಭತ್ತದ ಕಟಾವು ಶುರುವಾಗಿ ಗಿರಣಿಯಿಂದ ಕರೆ ಬಂತು. ಅಕ್ಕನ ಮಗಳು ಎರಡು ವಾರ ಬಂದಿರುವುದೆಂದು ಆಯಿತು. ನಾನು ಸಿರುಗುಪ್ಪದ ಬಸ್ಸು ಹತ್ತಿದೆ. ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತಿದೆ. ಎಷ್ಟೋ ಸಾವಿರ ಕೇಡುಗಳನ್ನು ಊಹಿಸಿ ಒಂದೂ ನಡೆಯದೆ ಬದುಕಿದವನಿಗೆ, ಇದೂ ನಡೆಯಲಾರದು ಎಂಬ ಆಸೆ ಇತ್ತೋ ಏನೋ.

ಸೋಮವಾರ ಹನ್ನೊಂದರ ಸುಮಾರಿಗೆ ಫೋನು ಬಂತು. ಕಾಟಾದ ಮೇಲೆ ಲಾರಿ ಇತ್ತು.

"ಮಾಮ" ಎಂದಳು ಅಕ್ಕನ ಮಗಳು. "ಅವ್ವಗ ಇನ್ನೊಮ್ಮಿ ಹೊಡದೈತಂತ. ಯಂತ್ರದಾಗ ಕೈ ಏಳವಲ್ದು. ಎಂಬತ್ತಾರು ತೋರಸಾಕತ್ತೈತಿ. ಎರಡು ಸಲ ನೋಡಿದ್ರು. ತೆಲಿ ಸ್ಕ್ಯಾನಿಂಗ್ ಮಾಡಸ್ಬೇಕಂತ ಚೀಟಿ ಬರಿಯಾಕತ್ಯಾರ."

"ಮಾತಾಡ್ತಾಳೇನು?"

"ಮಾತಾಡ್ತಾಳ. ಆದ್ರ ಅಳಾಕತ್ಯಾಳ ಮಾಮ. ಅವ್ವ ಅತ್ತಿದ್ದು ನಾ ನೋಡೇ ಇಲ್ಲ."

ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ನನಗೆ ಚಿಂತೆಯೇ ಆಗುತ್ತಿರಲಿಲ್ಲ. ಬ್ರೇಕಿನ ನೆನಪೂ ಬರಲಿಲ್ಲ. ಚಿಂತೆಗೆ ಏನಾಗುವುದೋ ಎಂಬ ಸಂಶಯ ಬೇಕು. ನನಗೆ ಸಂಶಯವಿರಲಿಲ್ಲ. ಅಕ್ಕನಿಗೆ ಇನ್ನೊಮ್ಮೆ ಹೊಡೆದಿಲ್ಲ ಎಂದು ಜಗತ್ತಿನಲ್ಲಿ ಬಲ್ಲವನು ನಾನೊಬ್ಬನೇ. ಅದನ್ನು ಫೋನಿನಲ್ಲಿ ಹೇಳಿಬಿಡಬಹುದಿತ್ತು. ಹೇಳದೆ ಒಂದೂವರೆ ತಾಸು ಅವಳನ್ನು ಆ ಭಯದಲ್ಲಿ ಕೂರಿಸಿದೆ.

ಹೋದಾಗ ಅಕ್ಕ ಯಂತ್ರದ ಮುಂದೆಯೇ ಕೂತಿದ್ದಳು. ಪಟ್ಟಿ ಬಿಚ್ಚಿದ್ದರು. ಮಗಳು ಸ್ಕ್ಯಾನಿಂಗ್ ಚೀಟಿ ಹಿಡಿದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಹೋಗಿದ್ದಳು. ಒಳಗೆ ಫಿಸಿಯೋ ಒಬ್ಬಳೇ. ನಾನು ನಿಂತೇ ಹೇಳಿದೆ. ಉದ್ದವಾಗಿ ಹೇಳಲು ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದೆ, ನಾಲ್ಕು ವಾಕ್ಯಕ್ಕೆ ಮುಗಿದುಹೋಯಿತು.

ಫಿಸಿಯೋ ಅಕ್ಕನ ಕೈಯನ್ನು ಮತ್ತೆ ತೊಟ್ಟಿಯಲ್ಲಿಟ್ಟು ಪಟ್ಟಿ ಬಿಗಿದಳು. "ಹ್ಯಾಂಗ ಹಿಡೀತಿದ್ರಿ, ತೋರಸ್ರಿ" ಎಂದಳು. ನಾನು ಎಡಕ್ಕೆ ಕೂತು ಸೆರಗಿನ ಕೆಳಗೆ ಕೈ ಹಾಕಿ ಎತ್ತಿದೆ. ಎಂಬತ್ತಾರು, ಎಪ್ಪತ್ತು, ಐವತ್ತು, ಮೂವತ್ತಾರು. ಮಾವಿನಹಣ್ಣು ಬುಟ್ಟಿಗೆ ಬಿತ್ತು. ಯಂತ್ರ ಖುಷಿಯಿಂದ ಗಂಟೆ ಬಾರಿಸಿತು.

"ಬಿಡ್ರಿ" ಎಂದಳು.

ಬಿಟ್ಟೆ. ಎಂಬತ್ತಾರು.

"ಇಷ್ಟು ದಿನ ನಾ ಬರ್ಕೊಂಡಿದ್ದೆಲ್ಲ ನಿಮ್ಮ ಕೈದು ಸರ್" ಎಂದಳು. ಧ್ವನಿ ಏರಿಸಲಿಲ್ಲ. "ಮೊದಲ ತಿಂಗಳದಾಗ ಮೆದುಳು ಲಗೂನ ಕಲೀತತಿ. ಆಮ್ಯಾಲೂ ಕಲೀತತಿ, ಇಲ್ಲನ್ನಂಗಿಲ್ಲ. ಆದ್ರ ನಿಧಾನ." ಕೂದಲಿನಿಂದ ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡಳು. "ಟೇಬಲ್ ಮ್ಯಾಲ ಬರವಲ್ದು ಅಂದಾಗ ನಾನೂ ನಿಮ್ಮ ಕೈ ಎಲ್ಲೈತಂತ ನೋಡಬೇಕಿತ್ತು."

ಅಕ್ಕ ನನ್ನನ್ನು ನೋಡಲಿಲ್ಲ, ಟಿವಿಯ ಮರವನ್ನೇ ನೋಡುತ್ತಿದ್ದಳು.

"ಅಂದ್ರ ಆ ಹಣ್ಣು ಕಿತ್ತಿದ್ದು ನೀನೇನಲೇ?"

"ಹೂಂ ಅಕ್ಕ."

"ಎಲ್ಲಾ?"

"ಎಲ್ಲಾ."

"ಬುಟ್ಟಿ ತುಂಬಿತ್ತಲ್ಲಲೇ" ಎಂದಳು. "ನಾ ಜೀನ್ಸ್ ಸಾಹೇಬ್ರಿಗೆ ಹೇಳಿ ಕಳಿಸೀನಿ."

ಆಮೇಲೆ ಅವಳು ಮಾತಾಡಿದ್ದು ಫಿಸಿಯೋ ಜೊತೆಗೆ. "ನನ್ನ ಮಗಳಿಗೆ ಇದು ಗೊತ್ತಾಗೋದು ಬ್ಯಾಡವ್ವ. ಮಷೀನ್ ಕೆಟ್ಟಿತ್ತು ಅಂತ ಹೇಳಿದ್ರಾತು."

"ಮಷೀನ್ ಕೆಟ್ಟಿಲ್ಲಲ್ಲಮ್ಮಾ. ನಾ ಹ್ಯಾಂಗ ಹೇಳ್ಲಿ?"

"ನೀ ಹೇಳಬ್ಯಾಡ, ನಾ ಹೇಳ್ತೀನಿ. ನಮ್ಮವ್ವ ಇಲ್ಲ, ಅಪ್ಪ ಇಲ್ಲ. ತವರುಮನಿ ಅಂತ ಉಳದಿರೋದು ಇವನೊಬ್ಬ. ತವರಿನವ್ರು ಹಿಂಗ ಮಾಡಿದ್ರು ಅಂತ ಬೀಗರ ಮನ್ಯಾಗ ಗೊತ್ತಾದ್ರ ಅಲ್ಲಿ ನಾ ಯಾವ ಮಾರಿ ಇಟ್ಕೊಂಡು ಕುಂದರ್ಲಿ?"

'ಅಲ್ಲಿ' ಎಂದಳು. ಅಷ್ಟರಲ್ಲಾಗಲೇ ಅವಳು ಕುರುಗೋಡಿಗೆ ಹೋಗಿ ಕೂತಿದ್ದಳು.

ಆದರೂ ಸ್ಕ್ಯಾನಿಂಗ್ ಮಾಡಿಸಿದರು, ಹೊಸದೇನೂ ಇರಲಿಲ್ಲ. ಒಪ್ಪಂದದಲ್ಲಿ ಉಳಿದಿದ್ದ ಎರಡು ವಾರ ಅಕ್ಕ ಒಂದು ದಿನವೂ ತಪ್ಪಿಸದೆ ಹೋದಳು. ಗಿರಣಿಗೆ ರಜೆ ಇದ್ದ ಎರಡೂ ಭಾನುವಾರ ನಾನು ಹೋಗಿ ಹೊರಗಿನ ಬೆಂಚಿನಲ್ಲಿ ಕೂತೆ. "ನೀ ಒಳಗ ಬರಬ್ಯಾಡ" ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಗೋಡೆಯ ಆಚೆಯಿಂದ ಯಂತ್ರದ ಗುಂಯ್ ಸದ್ದು ಬಂದು, ನಿಂತು, ಮತ್ತೆ ಬರುತ್ತಿತ್ತು. ನಿಂತಾಗೆಲ್ಲ ಅದು ಅಕ್ಕನಿಗಾಗಿ ಕಾಯುತ್ತಿದೆ ಎಂದು ತಿಳಿಯುತ್ತಿತ್ತು. ಗಂಟೆಯ ಸದ್ದು ಅಪರೂಪ. ಕಡೆಯ ದಿನದ ಅಂಕಿ ಎಪ್ಪತ್ತೇಳು. ಅದು ಅವಳದೇ, ಪೂರ್ತಿ ಅವಳದು. ಮೊದಲ ವಾರದಿಂದಲೇ ನನ್ನ ಕೈ ನನ್ನ ತೊಡೆಯ ಮೇಲಿದ್ದಿದ್ದರೆ ಅದು ಎಷ್ಟಕ್ಕೆ ಬರುತ್ತಿತ್ತು ಎಂದು ಒಮ್ಮೆ ಫಿಸಿಯೋನ ಕೇಳಿದೆ. ಹೇಳಾಕ ಬರೂದಿಲ್ಲ ಸರ್, ಎಂದಳು. ಹೇಗಿದ್ದರೂ ಕೈ ಬರುತ್ತಿರಲಿಲ್ಲ ಎಂದು ಅವಳು ಹೇಳಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಕೋಣೆ ಬಿಟ್ಟೆವು. ಮಷೀನನ್ನು ಮಾರುವುದೆಂದು ಮಗಳು ಹೇಳಿದ್ದಳು, ಅಕ್ಕ ಒಪ್ಪಲಿಲ್ಲ. ಗೂಡ್ಸ್ ಆಟೋದಲ್ಲಿ ಅದನ್ನೂ ಹೇರಿ ಕಟ್ಟಿದೆವು. ಅಕ್ಕ ಡ್ರೈವರ್ ಪಕ್ಕ ಕೂತಳು. ಕೈಯಲ್ಲಿ ನೀರಿನ ಬಾಟಲಿ ಇತ್ತು.

ಈಗ ತಿಂಗಳಿಗೊಮ್ಮೆ ಕುರುಗೋಡಿಗೆ ಹೋಗುತ್ತೇನೆ. ಮನೆಯವರು ಅಕ್ಕನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಅವಳು ತಟ್ಟೆಗೆ ಅನ್ನ ಅರ್ಧ ಹಾಕಿಸಿಕೊಳ್ಳುತ್ತಾಳೆ, ಉಂಡು ಎಲ್ಲರಿಗಿಂತ ಮೊದಲು ಎದ್ದು ಒಂದೇ ಕೈಯಲ್ಲಿ ತಟ್ಟೆ ತೊಳೆದಿಡುತ್ತಾಳೆ. ಯಾರೂ ತೊಳೆ ಅನ್ನುವುದಿಲ್ಲ. ನನಗೆ ಚಹಾ ಕೊಡುತ್ತ ಅಕ್ಕನ ಬೀಗಿತ್ತಿ ಪ್ರತಿ ಸಲ ಅದೇ ಮಾತು ಎತ್ತುತ್ತಾರೆ.

"ಆ ರೋಬೋಟು ಕೆಟ್ಟಿತ್ತಂತಲ್ರಿ. ಮನುಷ್ಯಾರ ಕೈಲೆ ಮಾಡಿಸಿದ್ರ ಇಷ್ಟೊತ್ತಿಗೆ ಕೈ ಬರ್ತಿತ್ತು. ಮಷೀನಿಗೆ ಏನ್ ಕರುಣಾ ಇರ್ತತ್ರಿ?"

ಹೌದ್ರಿ, ಎನ್ನುತ್ತೇನೆ. ಅಕ್ಕ ಆಗ ಬೇರೆ ಕಡೆ ನೋಡುತ್ತಾಳೆ.

ಹೋದ ಸಲ ಹೋದಾಗ ಅವಳು ಮಷೀನಿನ ಮುಂದೆ ಇದ್ದಳು. ದಿನಾ ಬೆಳಿಗ್ಗೆ ಕೂರುತ್ತಾಳಂತೆ. ಜೀನ್ಸಿನ ಒಂದು ತುಂಡಿನ ಮೇಲೆ ಬಳಪದಿಂದ ಜೇಬಿನ ಆಕಾರ ಬರೆದುಕೊಂಡಿದ್ದಳು. ಬಲಗೈಯಿಂದ ಎಡಗೈಯನ್ನು ಎತ್ತಿ ಬಟ್ಟೆಯ ಮೇಲಿಟ್ಟು, ಮೋಟಾರು ಒತ್ತಿದಳು. ಎಡಗೈ ಬಟ್ಟೆಯ ಮೇಲೆ ಭಾರವಾಗಿ ಕೂತಿತ್ತು. ಬೆರಳುಗಳು ಒಮ್ಮೆ ಬಿಗಿದು ಸಡಿಲವಾದವು. ಗೆರೆ ಬಳಪದ ಗುರುತಿನ ಮೇಲೆ ನಾಲ್ಕು ಬೆರಳಿನಷ್ಟು ಉದ್ದ ಓಡಿತು. ಮೂಲೆ ಬಂತು. ಅಲ್ಲಿ ಬಟ್ಟೆ ತಿರುಗಬೇಕು. ನಾನು ಅವಳ ಎಡಕ್ಕೇ ಕೂತಿದ್ದೆ. ಒಂದು ಬೆರಳು ಸಾಕಿತ್ತು, ಅಂಚನ್ನು ಚೂರು ಎಳೆದರೆ ಆಗುತ್ತಿತ್ತು. ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಗೆರೆ ಮೂಲೆಯಲ್ಲಿ ತಿರುಗದೆ ಸೀದಾ ಆಚೆ ಹೋಯಿತು.

ಅಕ್ಕ ಮೋಟಾರು ನಿಲ್ಲಿಸಿದಳು. ಬಟ್ಟೆ ಎತ್ತಿ ನನ್ನ ಮುಂದೆ ಹಿಡಿದಳು.

"ಬಂತೇನಲೇ?"

"ಇಲ್ಲಕ್ಕ" ಎಂದೆ. "ಸೊಟ್ಟ ಹೋಗೈತಿ."

"ಎಲ್ಲಿಂದ?"

"ಮೂಲಿಯಿಂದ. ಅಲ್ಲೀ ತನಕ ಸರಿ ಐತಿ."

ಹೂಂ ಎಂದು ಅವಳು ಬಟ್ಟೆಯ ಒಂದು ತುದಿಯನ್ನು ಮಷೀನಿನ ಸೂಜಿಯ ಬಳಿಯ ಕಬ್ಬಿಣದ ಪಾದದ ಕೆಳಗೆ ಸಿಕ್ಕಿಸಿ, ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ, ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಬಹಳ ಹೊತ್ತು ಹಿಡಿಯಿತು. ಸಂಜೆಯ ಬಸ್ಸಿನ ಹೊತ್ತಾ‌ಗುತ್ತಿತ್ತು. ನಾನು ಕೈ ಹೊರಗೆ ತೆಗೆಯಲಿಲ್ಲ.